ಮದ್ದಿನ ಕುಪ್ಪಿಗೆ ಬಿದ್ದ ಭಂಡಾರ

ವಿದ್ಯಾರಣ್ಯಪುರದ ಸೋಮನಾಥನ ಮನೆಯಲ್ಲಿ ಬಂದೂಕಿಗೆ ಬೇಕಾದ ಸಾಮಾನೆಲ್ಲ ಇತ್ತು, ಬಂದೂಕೊಂದು ಬಿಟ್ಟು. ಹತ್ತೊಂಬತ್ತನೆಯ ಶತಮಾನದ ಯಾವನಾದರೂ ಸಿಪಾಯಿ ದಾರಿ ತಪ್ಪಿ ಅವನ ಮನೆ ಬಾಗಿಲಿಗೆ ಬಂದಿದ್ದರೆ, ಗುಂಡು ಎರೆಯುವ ಅಚ್ಚು, ಕೇಪು ಇಡುವ ಡಬ್ಬಿ, ನಳಿಗೆ ಉಜ್ಜುವ ಸಲಾಕೆ, ಸೊಂಟಕ್ಕೆ ಕಟ್ಟುವ ಚರ್ಮದ ಚೀಲ ಎಲ್ಲವನ್ನೂ ತೊಡಿಸಿ, ಹಣೆಗೆ ತಿಲಕವಿಟ್ಟು, ಬರಿಗೈಯಲ್ಲಿ ಯುದ್ಧಕ್ಕೆ ಕಳಿಸಿಕೊಡಬಹುದಾಗಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ಆ ಕಾಲದ ಕೋವಿ ಈಗಿನಂತಲ್ಲ. ಮದ್ದು ಬೇರೆ, ಗುಂಡು ಬೇರೆ, ಕಿಡಿ ಹುಟ್ಟಿಸುವ ಕೇಪು ಬೇರೆ. ಒಂದೊಂದನ್ನೂ ಒಂದೊಂದು ಡಬ್ಬಿಯಲ್ಲಿ ಹೊತ್ತು ತಿರುಗಬೇಕು. ಮದ್ದು ಸುರಿ, ಗುಂಡು ಇಳಿಬಿಡು, ಸಲಾಕೆಯಿಂದ ಇಡಿ, ಕೇಪು ಸಿಕ್ಕಿಸು, ಆಮೇಲೆ ಗುರಿ ಹಿಡಿ. ಒಂದು ಗುಂಡು ಹಾರಿಸುವುದೆಂದರೆ ಒಂದು ಒಬ್ಬಟ್ಟು ಮಾಡಿದಷ್ಟು ಕೆಲಸ. (ಅಷ್ಟರಲ್ಲಿ ಹುಲಿ ಊಟ ಮುಗಿಸಿ ಎಲೆ ಎತ್ತಿರುತ್ತಿತ್ತು.) ಆ ಡಬ್ಬಿ, ಅಚ್ಚು, ಸಲಾಕೆಗಳ ಮುಂದೆ ಸೋಮನಾಥ ಗರ್ಭಗುಡಿಯ ಮುಂದೆ ನಿಂತವನಂತೆ ನಿಲ್ಲುತ್ತಿದ್ದ. ಪಾಲಿಟೆಕ್ನಿಕ್ಕಿನಲ್ಲಿ ಯಂತ್ರಗಳ ಪಾಠ ಹೇಳುವ ಮೇಷ್ಟ್ರು. ಇಡೀ ವಾರ ಹುಡುಗರಿಗೆ ಕೂಗಿ ಕೂಗಿ ಬತ್ತಿದ ಅವನ ಗಂಟಲು ಈ ಸಾಮಾನುಗಳ ಹತ್ತಿರ ಬಂದರೆ ಮಾತ್ರ ಪಿಸುದನಿಯಾಗುತ್ತಿತ್ತು.

ಹೆಂಡತಿ ದಾಕ್ಷಾಯಣಿಗೆ ಪಿಸುದನಿಯ ಅಭ್ಯಾಸವಿರಲಿಲ್ಲ.

“ಕುದುರಿ ಇಲ್ದಾಂವ ಜೀನು ಹೊತ್ಕೊಂಡ್ ತಿರಿಗಿದ್ನಂತ,” ಎನ್ನುತ್ತಿದ್ದಳು, ಟೀವಿಯ ಕೆಳಗಿನ ಗೂಡಿನಲ್ಲಿ ಧೂಳು ಹೊಡೆಯುತ್ತ. “ಒಂದರ ಬಂದೂಕ ತಂದಿದ್ರ ಮಂಗ್ಯಾನರ ಓಡಿಸ್ಬೌದಿತ್ತು. ಈ ಗುಂಡಿನ ಅಚ್ಚಿನಾಗ ನಾ ಏನ್ ಮಾಡ್ಲ್ರೀ, ಪಡ್ಡು ಹೊಯ್ಲೇನು?”

“ಬಂದೂಕಿಗೆ ಲೈಸೆನ್ಸ್ ಬೇಕು ದಾಕ್ಷಾಯಣಿ. ಇವಕ್ಕ ಬ್ಯಾಡ.”

(ಸರ್ಕಾರದ ಲೈಸೆನ್ಸ್ ಬೇಡ, ನಿಜ. ಮನೆಯೊಳಗಿನ ಇಲಾಖೆಯಲ್ಲಿ ಅರ್ಜಿ ಮದುವೆಯಾದ ವರ್ಷದಿಂದ ಬಾಕಿ ಇತ್ತು.)

ಸೋಮನಾಥನಿಗೆ ಬಾಳಿನಲ್ಲಿ ಇದ್ದದ್ದು ಒಂದೇ ಆಸೆ. ಗಂಗಾನಗರದಲ್ಲಿ ಜಿಯಾವುಲ್ಲಾ ಸಾಹೇಬರ ಮಹಡಿಯ ಮೇಲೆ ತಿಂಗಳಿಗೊಮ್ಮೆ ಸೇರುವ ‘ಹಳೇ ಪರಿಕರ ಬಳಗ’ದ ಸದಸ್ಯನಾಗಬೇಕು. ಕೈಗಡಿಯಾರದ ವ್ಯಾಪಾರ ಬಿಟ್ಟು ವಿಶ್ರಾಂತಿಯಲ್ಲಿದ್ದ ಸಾಹೇಬರೇ ಆ ಬಳಗದ ಆದಿ, ಅಂತ್ಯ ಮತ್ತು ಬಿರಿಯಾನಿ. ಸದಸ್ಯನಾಗಬೇಕಾದವನು ಒಂದು ವಸ್ತು ತೋರಿಸಬೇಕು, ಸಾಹೇಬರು ಅದನ್ನು ನೋಡಿ ತಲೆದೂಗಬೇಕು. ಹೋದ ವರ್ಷ ಸೋಮನಾಥ ಒಂದು ಕೇಪಿನ ಡಬ್ಬಿಯನ್ನು ರೇಷ್ಮೆಯ ಕರ್ಚೀಫಿನಲ್ಲಿ ಸುತ್ತಿಕೊಂಡು ಹೋಗಿದ್ದ. ಇದು ಯಾವ ಯುದ್ಧ ಕಂಡಿರಬಹುದು, ಯಾವ ಸೇನಾನಿಯ ಜೇಬಿನಲ್ಲಿ ಮಲಗಿರಬಹುದು ಎಂದು ಅಲ್ಲಿ ಒಂದು ಭಾಷಣವನ್ನೂ ಮಾಡಿದ್ದ. ಸಾಹೇಬರು ಎಲ್ಲ ಕೇಳಿಸಿಕೊಂಡು, ಮುಚ್ಚಳ ತೆಗೆದು, ಮೂಗಿನ ಹತ್ತಿರ ಹಿಡಿದರು. ಹಿಡಿದವರು ಸೀನತೊಡಗಿದರು. ಅವರ ಸೀನು ನಿಲ್ಲುವ ಹೊತ್ತಿಗೆ ಎಲ್ಲರ ಚಹಾ ಆರಿತ್ತು.

“ಸೋಮನಾಥ್ ಸಾಬ್,” ಎಂದರು ಕಣ್ಣೊರೆಸಿಕೊಂಡು, ತುಂಬ ಮೆಲ್ಲಗೆ, “ಡಬ್ಬಿ ಹಳೇದೇ. ಆದ್ರೆ ಇದನ್ನ ಇಟ್ಕೊಂಡಿದ್ದೋರು ಯುದ್ಧಕ್ಕೆ ಹೋದೋರಲ್ಲ. ನಶ್ಯ ಹಾಕ್ತಿದ್ದೋರು.”

ಬಳಗ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಎಲ್ಲರೂ ಮರ್ಯಾದೆಯಿಂದ ಬಿಸ್ಕತ್ತು ತಿಂದರು.

ಹೀಗೆ ಗಾಯಗೊಂಡಿದ್ದ ವೀರನಿಗೆ ಈ ವರ್ಷ ಯಶವಂತಪುರದ ಒಂದು ಗುಜರಿ ಅಂಗಡಿಯಲ್ಲಿ, ಹಳೆಯ ನಲ್ಲಿಗಳ ಮೂಟೆಯ ಅಡಿಯಲ್ಲಿ, ಅದು ಕಣ್ಣಿಗೆ ಬಿತ್ತು. ಮದ್ದಿನ ಕುಪ್ಪಿ! ಅಪ್ಪಟ ತಾಮ್ರದ್ದು. ಬದನೆಕಾಯಿಯಂತೆ ಬುಡ ಉಬ್ಬಿ, ಕತ್ತು ಸಣ್ಣಗಾಗಿ, ತಲೆಗೆ ಹಿತ್ತಾಳೆಯ ಮುಚ್ಚಳ, ಮುಚ್ಚಳದಿಂದ ಒಂದು ಗಿಡ್ಡ ಕೊಳವೆ, ಪಕ್ಕದಲ್ಲಿ ಕಿವಿಯಂತೆ ಚಾಚಿದ ಒಂದು ಪುಟ್ಟ ಮೀಟು. ಮೈಮೇಲೆ ಉಬ್ಬುಗೆತ್ತನೆ: ಒಂದು ಮರ, ಮರದಡಿ ಮೂತಿ ಎತ್ತಿ ನಿಂತ ಎರಡು ಬೇಟೆನಾಯಿಗಳು. ನೂರೈವತ್ತು ವರ್ಷಗಳಿಂದ ಅವು ಒಂದೇ ವಾಸನೆ ಹಿಡಿಯುತ್ತ ನಿಂತಿದ್ದವು. ಸೋಮನಾಥ ಬಂದ ತಕ್ಷಣ ಅವಕ್ಕೆ ಅದು ಸಿಕ್ಕಿತು ಎಂದು ಅವನಿಗೆ ಅನ್ನಿಸಿತು. ಆಸೆ ಅಂಗಡಿಯವನಿಗೆ ಕಾಣದಂತೆ ಅವನು ಎರಡೂ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ವ್ಯಾಪಾರ ಮಾಡಿದ.

ಆ ಕುಪ್ಪಿಯ ಯಂತ್ರವೇ ಯಂತ್ರ. ಕೊಳವೆಯ ಬಾಯಿಗೆ ತೋರುಬೆರಳು ಒತ್ತಿ, ಕುಪ್ಪಿಯನ್ನು ತಲೆಕೆಳಗು ಹಿಡಿದು, ಹೆಬ್ಬೆರಳಿನಿಂದ ಮೀಟನ್ನು ಒತ್ತಿದರೆ ಒಳಗೊಂದು ಪುಟ್ಟ ಬಾಗಿಲು ತೆರೆದು ಕೊಳವೆ ತುಂಬುತ್ತದೆ. ಮೀಟು ಬಿಟ್ಟರೆ ಬಾಗಿಲು ಮುಚ್ಚುತ್ತದೆ. ಈಗ ಬೆರಳು ತೆಗೆದರೆ, ಒಂದು ಗುಂಡಿಗೆ ಎಷ್ಟು ಬೇಕೋ ಅಷ್ಟೇ ಮದ್ದು. ಹೆಚ್ಚಿಲ್ಲ, ಕಡಿಮೆಯಿಲ್ಲ. ಇದನ್ನೆಲ್ಲ ಸೋಮನಾಥ ಪುಸ್ತಕಗಳಲ್ಲಿ ಓದಿ ಬಾಯಿಪಾಠ ಮಾಡಿದ್ದ, ಕರಿಹಲಗೆಯ ಮೇಲೆ ಚಿತ್ರ ಬರೆದು ಹುಡುಗರಿಗೆ ಹೇಳಿಯೂ ಇದ್ದ. ಆದರೆ ಸ್ವತಃ ಮೀಟನ್ನು ಒತ್ತಿರಲಿಲ್ಲ. ಅಷ್ಟು ವಯಸ್ಸಾದ ಸ್ಪ್ರಿಂಗು! ಮುರಿದರೆ? ಅಜ್ಜನ ಮೊಣಕಾಲನ್ನು ಮಡಿಸಿ ನೋಡುವ ಮೊಮ್ಮಗ ಉಂಟೆ?

ಮನೆಗೆ ತರುವಾಗ ಮಾತ್ರ ವೀರ ಸ್ವಲ್ಪ ತಂತ್ರ ಮಾಡಿದ. ಅಲ್ಲೇ ಒಂದು ಚೀಲ ಈರುಳ್ಳಿ ಕೊಂಡು ಕುಪ್ಪಿಯನ್ನು ಅದರ ನಡುವೆ ಹೂತು ತಂದ. ಈರುಳ್ಳಿ ನೋಡಿ ದಾಕ್ಷಾಯಣಿ ಹಿಗ್ಗಿದಳು. ಅವಳು ಅಡುಗೆಮನೆಗೆ ಹೋದ ಸಮಯದಲ್ಲಿ ಕುಪ್ಪಿ ಟೀವಿಯ ಕೆಳಗಿನ ಗೂಡು ಸೇರಿತು. (ಅವಳು ನೋಡಿರಲಿಲ್ಲ ಎಂದು ನಂಬಿದ್ದವನು ಸೋಮನಾಥನೊಬ್ಬನೇ.)

ಜಿಯಾವುಲ್ಲಾ ಸಾಹೇಬರಿಗೆ ಫೋನು ಹೋಯಿತು. ಹಿಂದೆಯೇ ಕಳಿಸಿದ ಫೋಟೊವನ್ನು ಸಾಹೇಬರು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಆಮೇಲೆ, “ನಾನೇ ಮನೆಗೆ ಬರ್ತೀನಿ. ಭಾನುವಾರ. ಈ ವರ್ಷದ ಹೊಸ ಮೆಂಬರ್ ಯಾರು ಅಂತ ಅವತ್ತೇ ಹೇಳಿಬಿಡ್ಬೇಕು. ಮುಂದಿನ ಅವಕಾಶ ಮುಂದಿನ ವರ್ಷಾನೇ,” ಎಂದರು. ಸಾಹೇಬರು, ಸ್ವತಃ, ಮನೆಗೆ! ಸೋಮನಾಥನಿಗೆ ಅಂದು ರಾತ್ರಿ ಊಟ ಸೇರಲಿಲ್ಲ.

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಆದರೆ ಆ ಮನೆಯಲ್ಲಿ ಆಗ ಚನ್ನಕ್ಕ ಇದ್ದಳು.

ಚನ್ನಕ್ಕ ಸೋಮನಾಥನ ತಾಯಿ. ಮೊಣಕಾಲು ತೋರಿಸಲು ರಾಣೆಬೆನ್ನೂರಿನ ಕಡೆಯಿಂದ ಬಂದವಳು. ಡಾಕ್ಟರು ಮೊಣಕಾಲನ್ನು ನೋಡಿದರು, ಚನ್ನಕ್ಕ ಡಾಕ್ಟರನ್ನು ನೋಡಿದಳು, ಇಬ್ಬರಿಗೂ ಸಮಾಧಾನವಾಗಲಿಲ್ಲ. ಹಾಗಾಗಿ ಉಳಿದಿದ್ದಳು. ಮನೆದೇವರು ಮೈಲಾರಲಿಂಗ. ಆ ದೇವರ ಪ್ರಸಾದ ಭಂಡಾರ, ಅಂದರೆ ಅರಿಶಿನದ ಪುಡಿ. ಭಕ್ತರ ಹಣೆಗೆ ಹಚ್ಚುವಂಥದ್ದು. ಚನ್ನಕ್ಕ ಊರಿನಿಂದ ಅದನ್ನು ಗಂಟು ಕಟ್ಟಿ ತಂದಿದ್ದಳು. ಬೆಂಗಳೂರಿನ ತಂಡಿಗೆ ಗಂಟಿನೊಳಗಿನ ಪುಡಿ ಹೆಪ್ಪುಗಟ್ಟತೊಡಗಿತ್ತು. ಶುಕ್ರವಾರ ಸೋಮನಾಥ ಕಾಲೇಜಿಗೆ ಹೋದಮೇಲೆ ಅವಳು ಬಾಯಿ ಬಿಗಿಯಾದ ಒಂದು ಪಾತ್ರೆಗಾಗಿ ಮನೆಯೆಲ್ಲ ಹುಡುಕಿದಳು.

ಸಂಜೆ ಸೋಮನಾಥ ಗೇಟು ತೆಗೆಯುವಾಗಲೇ ಊದಿನಕಡ್ಡಿಯ ವಾಸನೆ ಬಂತು. ದೇವರ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ದೀಪದ ಪಕ್ಕ, ಮಣೆಯ ಮೇಲೆ, ಕೊರಳಿಗೆ ಸೇವಂತಿಗೆ ಹಾರ, ಮೈಗೆ ವಿಭೂತಿ, ನಾಯಿಗಳೆರಡರ ಹಣೆಗೂ ಕುಂಕುಮ ಇಟ್ಟುಕೊಂಡು ಕುಪ್ಪಿ ವಿರಾಜಮಾನವಾಗಿತ್ತು.

ಸೋಮನಾಥನ ಕೈಯಿಂದ ಊಟದ ಡಬ್ಬಿ ಬಿತ್ತು.

“ಯವ್ವಾ! ಏನ್ ಮಾಡೀಬೇ ಇದು?”

“ಬಾರೋ ಸೋಮ್ಯಾ. ಕಾಲ್ ತೊಳಕೊಂಡ್ ಬಾ ಮೊದ್ಲ. ದೇವರ ಸಾಮಾನು ತಗೊಂಡ್ ಹೋಗಿ ಟೀವಿ ಕೆಳಗ ಕತ್ತಲಾಗ ಕುಂದ್ರಿಸೀಯಲ್ಲೋ, ನಿನಗ ಓದಿಸಿದ್ದು ದಂಡ ಆತು.”

“ಅದು ದೇವ್ರದಲ್ಲಬೇ! ಬಂದೂಕಿನ ಮದ್ದು ಹಾಕೂ ಕುಪ್ಪಿ. ಬ್ಯಾಟಿಗೆ ಹೋಗಾವ್ರು ಸೊಂಟಕ್ಕ ಕಟ್ಕೊಂಡು...”

“ಬ್ಯಾಟಿಗೆ ಹೋಗಾಂವ ಯಾರು? ನಮ್ಮ ಮೈಲಾರಲಿಂಗ ಅಲ್ಲೇನು? ಅವನ ಸಂಗಾಟ ನಾಯಿ ಇರ್ತಾವೋ ಇಲ್ಲೋ? ನೋಡಿಲ್ಲಿ, ಎರಡೂ ಅದಾವ. ಮ್ಯಾಲ ಗಿಡಾನೂ ಐತಿ. ಇಂಗ್ಲಿಷಾವ್ರಿಗೆ ಇಷ್ಟ್ ಭಕ್ತಿ ಇತ್ತಂತ ನನಗ ಗೊತ್ತಿದ್ದಿಲ್ಲ ಬಿಡು.”

ಸೋಮನಾಥ ಹೆಂಡತಿಯ ಕಡೆ ತಿರುಗಿದ.

“ನೀನರ ಹೇಳ್ಬಾರ್ದಾ?”

“ನನಗೇನ್ ಗೊತ್ತಾಗ್ಬೇಕ್ರೀ?” ಎಂದಳು ದಾಕ್ಷಾಯಣಿ, ಹೂಬತ್ತಿ ಹೊಸೆಯುತ್ತ. “ಉಳ್ಳಾಗಡ್ಡಿ ಚೀಲದಾಗ ಬಂತು. ಎಣ್ಣಿ ಹಾಕೂದಿರಬೇಕು ಅಂದ್ಕೊಂಡೆ. ಅತ್ತಿಯಾರು ದೇವ್ರು ಅಂದ್ರು. ಎಣ್ಣಿಕಿಂತ ದೇವ್ರು ಚಲೋ ಅಲ್ಲೇನ್ರೀ?”

ಅಷ್ಟರಲ್ಲಿ ಚನ್ನಕ್ಕ ಕುಪ್ಪಿಯನ್ನು ಕೈಗೆತ್ತಿಕೊಂಡಳು. ಕೊಳವೆಯ ಬಾಯಿಗೆ ಬೆರಳಿಟ್ಟಳು, ತಲೆಕೆಳಗು ಮಾಡಿದಳು, ಹೆಬ್ಬೆರಳು ಒತ್ತಿ ಬಿಟ್ಟಳು.

ಟಕ್!

ಮಗನ ಅಂಗೈಮೇಲೆ ಒಂದು ಗುಡ್ಡೆ ಅರಿಶಿನ ಬಿತ್ತು. ಚೊಕ್ಕ, ದುಂಡಗೆ, ಒಂದು ಕಣ ಆಚೀಚೆ ಚೆಲ್ಲದೆ.

ಸೋಮನಾಥನ ಮೈ ಜುಮ್ಮೆಂದಿತು. ಸ್ಪ್ರಿಂಗು ಜೀವಂತವಿದೆ! ಎಲ್ಲೋ ಸಮುದ್ರದಾಚೆ ಯಾವನೋ ಕುಶಲಿ ಅದನ್ನು ಸುತ್ತಿದ ದಿನ ಹೇಗಿತ್ತೋ ಹಾಗೇ ಇದೆ. ಒಂದು ಕ್ಷಣ ಅವನು ಸಾಹೇಬರನ್ನು ಮರೆತ, ಭಾನುವಾರವನ್ನು ಮರೆತ. “ಇನ್ನೊಮ್ಮೆ ಒತ್ತಬೇ,” ಎಂದ, ಪಿಸುದನಿಯಲ್ಲಿ.

“ಒಂದ್ ಹಣೀಗೆ ದಿನಕ್ಕ ಒಂದ ಸಲ,” ಎಂದಳು ಚನ್ನಕ್ಕ.

ನೆನಪು ಮರಳಿತು. “ಅವ್ವಾ, ಭಾನುವಾರ ದೊಡ್ಡವ್ರೊಬ್ರು ಇದನ್ನ ನೋಡಾಕ ಬರಾವ್ರದಾರ. ಇದ್ರಾಗಿಂದು ಒಂದ್ ಸ್ಟೀಲ್ ಡಬ್ಬಿಗೆ ಸುರುವಿ, ತೊಳದು...”

“ಸುರುವೂದು?” ಚನ್ನಕ್ಕನ ಹುಬ್ಬು ಮೇಲೇರಿತು. “ದೇವರ ಮುಂದ ತುಂಬಿಟ್ಟ ಭಂಡಾರ ಹೊಳ್ಳಿ ಇನ್ನೊಂದ್ ಡಬ್ಬಿಗೆ ಸುರುವೂದಿಲ್ಲ. ಹಣೀಗೇ ಹೋಗ್ಬೇಕು. ಹಂಚಿ ಹಂಚಿ ಮುಗದ್ರ ಆಗ ಕುಪ್ಪಿ ನಿನ್ನದು. ಒಯ್ದು ಯಾರಿಗರ ತೋರ್ಸ್ಕೋ.”

ಅಂದರೆ ಉಪಾಯ ಸರಳವಾಗಿತ್ತು. ಭಾನುವಾರ ಬೆಳಿಗ್ಗೆಯೊಳಗೆ ಕುಪ್ಪಿ ಬರಿದಾಗುವಷ್ಟು ಹಣೆಗಳನ್ನು ಒದಗಿಸಬೇಕು. ಸೋಮನಾಥ ಮೊದಲು ಮುಖ ತೊಳೆದುಕೊಂಡು, ಬೇರೆ ಅಂಗಿ ಹಾಕಿಕೊಂಡು, ತಾನೇ ಎರಡನೆಯ ಸಲ ಹೋಗಿ ನಿಂತ. “ಈಗ ಬಂದಿದ್ದಿಯಲ್ಲಲೇ,” ಎಂದು ಚನ್ನಕ್ಕ ಓಡಿಸಿದಳು. ಸರಿ, ದಂಡಯಾತ್ರೆಯೇ ಗತಿ ಎಂದು ಅವನು ಬೀದಿಗಿಳಿದ.

ಮೊದಲು ಸಿಕ್ಕವಳು ಎದುರುಮನೆಯ ಅಕ್ಕಯ್ಯಮ್ಮ. ವಿದ್ಯಾರಣ್ಯಪುರಕ್ಕೆ ಆ ಹೆಸರು ಬರುವುದಕ್ಕೂ ಮುಂಚೆ ಆಕೆಯ ಮನೆಯವರ ಎಮ್ಮೆಗಳು ಅಲ್ಲಿ ಮೇಯುತ್ತಿದ್ದವು. ಬೀದಿಯ ಸುದ್ದಿಗಳು ಈಗಲೂ ಅವಳ ಹಟ್ಟಿಗೇ ಬಂದು ಸೇರುತ್ತಿದ್ದವು. ನಲ್ಲಿಯಲ್ಲಿ ನೀರು ಬಂದು ವಾರವಾಗಿದೆ ಎಂದು ಖಾಲಿ ಬಿಂದಿಗೆಯ ಮೇಲೆ ಕೂತು ಬೈಯುತ್ತಿದ್ದಳು.

“ಬನ್ನಿ ಅಕ್ಕಯ್ಯಮ್ಮ, ನಮ್ಮವ್ವ ಭಂಡಾರ ಕೊಡ್ತಿದ್ದಾರೆ. ಒಳ್ಳೇದಾಗತ್ತೆ,” ಎಂದ ಸೋಮನಾಥ.

“ಅಂಗಾರೆ ಓಗ್ಬರಾಣ ನಡಿಯಣ್ಣ. ಕೂತ್ಕಂಡು ನಾನೇನ್ ಮಾಡ್ಬೇಕು ಇಲ್ಲಿ.”

ಟಕ್! ಅಕ್ಕಯ್ಯಮ್ಮನ ಹಣೆ ಹಳದಿಯಾಯಿತು. ಹಿಂದೆಯೇ ಸಿಲಿಂಡರ್ ತಂದವನು, ಇಸ್ತ್ರಿಯವನು, ದಾರಿ ಕೇಳಲು ಬೈಕು ನಿಲ್ಲಿಸಿದವನು, ಓಟಿಪಿ ಕೇಳಲು ಬಂದು ಭಂಡಾರ ಹಚ್ಚಿಸಿಕೊಂಡು ಹೋದ ಪಾರ್ಸೆಲ್ಲಿನವನು. ಪಾರ್ಕಿನಲ್ಲಿ ಕೈಬೀಸಿ ನಡೆಯುತ್ತಿದ್ದವರನ್ನೆಲ್ಲ ಸೋಮನಾಥ ಕೈಮುಗಿದು ಕರೆತಂದ. ಒಂದೊಂದು ಟಕ್ಕಿಗೂ ಅವನಿಗೆ ಒಳಗೊಳಗೆ ರೋಮಾಂಚನ. ಏನು ಅಳತೆ! ಏನು ನಿಷ್ಠೆ! ಯಾವನ ಹಣೆ ಎಷ್ಟೇ ಅಗಲವಿರಲಿ, ಕುಪ್ಪಿ ತನ್ನ ಲೆಕ್ಕ ತಪ್ಪುತ್ತಿರಲಿಲ್ಲ. ರಾತ್ರಿ ಮಲಗುವ ಮುನ್ನ ಎತ್ತಿ ನೋಡಿದ. ಮುಕ್ಕಾಲು ಪಾಲು ಹಗುರವಾಗಿತ್ತು. ಶನಿವಾರ ಮಧ್ಯಾಹ್ನದೊಳಗೆ ಗೆಲುವು ತನ್ನದೇ.

ಶನಿವಾರ ಬೆಳಿಗ್ಗೆ ಅಕ್ಕಯ್ಯಮ್ಮನ ನಲ್ಲಿಯಲ್ಲಿ ನೀರು ಬಂತು.

ಬೀದಿಯವರಿಗೆಲ್ಲ ಬಂದಿತ್ತು, ಅದು ಬೇರೆ ಮಾತು. ಆದರೆ ಮೊದಲು ಬಂದದ್ದು ಅಕ್ಕಯ್ಯಮ್ಮನಿಗೆ, ಮತ್ತು ಆಕೆಯ ಗಂಟಲು ದೊಡ್ಡದು. “ನೆನ್ನೆ ಸಂಜೆ ಬಂಡಾರ ಇಕ್ಕಿಸ್ಕಂಡೆ ಕಣಮ್ಮೋ, ಬೆಳಕರಿಯೋದ್ರೊಳಗೆ ನೀರು! ನಾಯಿ ದೇವ್ರು, ಬಲೇ ಸತ್ಯವಂತ! ಇಂಗ್ ಒತ್ತಿದ್ರೆ ಅಂಗೆ ಟಕ್ ಅಂತ ವರ ಕೊಟ್ಬುಡ್ತದೆ!”

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಬ್ಲಾಕಿನವರು ಬಂದರು. ಸಂಜೆಗೆ ಜಾಲಹಳ್ಳಿಯಿಂದ ಆಟೋ ಮಾಡಿಕೊಂಡು ಬಂದರು. ಬರಲಿ ಎಂದೇ ಸೋಮನಾಥನ ಬಯಕೆ. ಬಾಗಿಲಲ್ಲಿ ನಿಂತು ನಗುನಗುತ್ತ ಸ್ವಾಗತಿಸಿದ. ಒಂದು ವಿಷಯ ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ. ದೇವರ ಹತ್ತಿರ ಬರಿಗೈಯಲ್ಲಿ ಹೋಗುವವರು ನಮ್ಮವರಲ್ಲ. ಬಂದವರೆಲ್ಲ ಒಂದೊಂದು ಪೊಟ್ಟಣ ಅರಿಶಿನ ತಂದಿದ್ದರು. ಕುಪ್ಪಿ ತಳ ಕಂಡ ಕೂಡಲೇ ಚನ್ನಕ್ಕ ತಿರುಪು ಬಿಚ್ಚಿ, ದಾಕ್ಷಾಯಣಿ ಬಟ್ಟೆಯಲ್ಲಿ ಸೋಸಿಟ್ಟ ಹೊಸ ಪುಡಿಯನ್ನು ಕಂಠಮಟ್ಟ ತುಂಬಿಕೊಳ್ಳುತ್ತಿದ್ದಳು.

“ಯವ್ವಾ, ಮುಗದಿತ್ತಲ್ಲಬೇ! ಮುಗದ್ರ ನಂದು ಅಂದಿದ್ದಿ!”

“ಮುಗದಿತ್ತು ಖರೇ. ಮಂದಿ ಮತ್ತ ತಂದು ಕೊಟ್ರ ಬ್ಯಾಡನ್ನಾಕ ಬರ್ತೈತೇನು? ಕರಕೊಂಡ್ ಬಂದಾವ ನೀನ ಅಲ್ಲ?”

ಸೋಮನಾಥ ಅಡುಗೆಮನೆಗೆ ಹೋಗಿ ಗೋಡೆಗೆ ತಲೆಯಾನಿಸಿದ. ದಾಕ್ಷಾಯಣಿ ಒಂದು ಲೋಟ ಮಜ್ಜಿಗೆ ಕೊಟ್ಟಳು. “ಇಷ್ಟ್ ವರ್ಷ ನಿಮ್ಮ ಸಾಮಾನು ನೋಡಾಕ ಒಂದ್ ನಾಯಿ ಬರ್ಲಿಲ್ಲ,” ಎಂದಳು. “ಈಗ ಎರಡು ನಾಯಿ ಕೂತು ಊರನ್ನ ಕರ್ಕೊಂಡ್ ಬಂದಾವು. ಖುಷಿಪಡ್ರಿ.”

ಭಾನುವಾರ ಮೈಲಾರಲಿಂಗನ ವಾರ. ಸಾಹೇಬರು ಅದೇ ದಿನ ಬರುತ್ತೇನೆಂದಾಗ ಹಿಗ್ಗಿದ್ದ ಸೋಮನಾಥನಿಗೆ ಇದು ನೆನಪಾದದ್ದು ಬೆಳಿಗ್ಗೆ ಕಿಟಕಿ ತೆರೆದಾಗ. ಸಾಲು ಗೇಟು ದಾಟಿ, ಅಕ್ಕಯ್ಯಮ್ಮನ ಮನೆ ದಾಟಿ, ಬಸ್ ನಿಲ್ದಾಣದ ತಿರುವಿನವರೆಗೂ ಹೋಗಿತ್ತು. ಸಾಲಿನ ಉಸ್ತುವಾರಿಯನ್ನು ಅಕ್ಕಯ್ಯಮ್ಮ ತಾನೇ ವಹಿಸಿಕೊಂಡಿದ್ದಳು. ಕೈಯಲ್ಲಿ ಬಟ್ಟೆ ಒಣಗಿಸುವ ಕೋಲು.

ಅಂಥ ಸಾಲಿನ ತುದಿಗೆ ಒಂದು ಆಟೋ ಬಂದು ನಿಂತಿತು. ಇಸ್ತ್ರಿಯ ಗೆರೆ ಮುರಿಯದ ಬಿಳಿ ಶೇರ್ವಾನಿ, ಬಿಳಿ ಗಡ್ಡ, ಜೇಬಿನಲ್ಲಿ ಭೂತಗನ್ನಡಿ. ಜಿಯಾವುಲ್ಲಾ ಸಾಹೇಬರು ಇಳಿದು, ಸಾಲನ್ನು ನೋಡಿ, ಕುಪ್ಪಿಯ ಸುದ್ದಿ ಇಷ್ಟೊಂದು ಜನಕ್ಕೆ ಹೇಗೆ ಗೊತ್ತಾಯಿತು ಎಂದು ಬೆರಗಾದರು. ನೇರ ಒಳಗೆ ಬರಹೊರಟವರಿಗೆ ಕೋಲು ಅಡ್ಡ ಬಂತು.

“ಸಾಲಲ್ ಬನ್ನಿ ಸಾಮಿ. ಬಿಳಿ ಬಟ್ಟೆ ಆಕ್ಕಂಡ್ರೆ ಮುಂದಕ್ ಬಿಡಾಕಿಲ್ಲ. ಬೆಳಗಿಂದ ನಿಂತವ್ರೆ ಎಲ್ಲರೂವೆ.”

ಸಾಹೇಬರು ಸಾಲಿನಲ್ಲಿ ನಿಂತರು. ಸೋಮನಾಥ ಕಿಟಕಿಯಿಂದ ಕಂಡು ಓಡಿಬಂದ. ಅವರು ಕೈಯೆತ್ತಿ ತಡೆದರು. “ಇರ್ಲಿ ಸೋಮನಾಥ್ ಸಾಬ್. ಸಾಲು ಸಾಲೇ.” ಹಾಗೆ ಒಂದೊಂದೇ ಹೆಜ್ಜೆ ಮುಂದೆ ಬಂದಂತೆ ಅವರ ಕಿವಿಗೆ ಆ ಶಬ್ದ ಬಿತ್ತು. ಟಕ್. ಸ್ವಲ್ಪ ಬಿಟ್ಟು ಟಕ್. ಗಡಿಯಾರಗಳ ನಡುವೆ ಬಾಳಿದ ಮನುಷ್ಯ. ಕತ್ತು ಓರೆಮಾಡಿ, ಕಣ್ಣು ಮುಚ್ಚಿ ಕೇಳಿದರು. ಬಾಗಿಲು ದಾಟಿ ಹಾಲ್‌ಗೆ ಬಂದಾಗ ಅವರ ಬಾಯಿ ಅರ್ಧ ತೆರೆದಿತ್ತು.

ಚನ್ನಕ್ಕ ಕುರ್ಚಿಯ ಮೇಲೆ, ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು, ಮಹಾರಾಣಿಯಂತೆ ಕೂತಿದ್ದಳು. ಬೆರಳು ಇಡುವುದು, ತಿರುಗಿಸುವುದು, ಒತ್ತುವುದು, ಬಿಡುವುದು. ಎಲ್ಲ ಒಂದೇ ಅಲೆಯಂತೆ. ಸಾಹೇಬರು ಭೂತಗನ್ನಡಿ ತೆಗೆದದ್ದೇ ಮರೆತರು.

“ಯಾ ಅಲ್ಲಾ,” ಎಂದರು ಮೆಲ್ಲಗೆ. “ನಮ್ಮ ಬಳಗದಲ್ಲಿ ಎಲ್ಲರ ಹತ್ರಾನೂ ಕುಪ್ಪಿ ಇದೆ ಸೋಮನಾಥ್ ಸಾಬ್. ನನ್ನ ಹತ್ರಾನೂ ಇದೆ. ಹತ್ತೀಲಿ ಸುತ್ತಿ ಬೀರುವಲ್ಲಿ ಮಲಗಿಸಿದೀವಿ. ಯಾರೂ ಇವತ್ತಿನವರೆಗೂ ಒತ್ತಿಲ್ಲ. ಹೆದರಿಕೆ. ಇದು ಕೆಲಸ ಮಾಡೋದನ್ನ ನಾನು ಜೀವಮಾನದಲ್ಲಿ ಇವತ್ತೇ ನೋಡ್ತಿರೋದು.”

ಸೋಮನಾಥನ ಎದೆ ಉಬ್ಬಿತು. ಎಲ್ಲ ಕಳೆದುಹೋಗಿಲ್ಲ! “ಅಸಲಿ ತಾನೇ ಸಾರ್?”

“ನೂರಕ್ಕೆ ನೂರು ಅಸಲಿ. ನೋಡಿದ ಕೂಡ್ಲೇ ಗೊತ್ತಾಯ್ತು.” ಸಾಹೇಬರು ನಕ್ಕರು. “ಈಗ ನಮ್ಮ ರಿವಾಜು ಒಂದು ಬಾಕಿ. ವಸ್ತು ಯಾರದೋ ಅವರೇ ಕೈಯಲ್ಲಿ ಹಿಡಿದು ತೋರಿಸ್ಬೇಕು. ಒಂದ್ಸಲ ನೀವು ಒತ್ತಿ ತೋರಿಸಿ. ಸಾಕು.”

ಚನ್ನಕ್ಕ ಕಟುಕಿಯಲ್ಲ. ಮಗನ ಕಣ್ಣಿನಲ್ಲಿದ್ದ ಆಸೆ ಅವಳಿಗೂ ಕಾಣುತ್ತಿತ್ತು. “ತಗೋ ತಮ್ಮಾ, ನೀನ ಹಾಕು ಸಾಹೇಬರಿಗೆ,” ಎಂದು ಆಗಷ್ಟೇ ತುಂಬಿದ ಕುಪ್ಪಿಯನ್ನು ಅವನ ಕೈಗಿಟ್ಟಳು. ಆಮೇಲೆ ಸಾಹೇಬರತ್ತ ತಿರುಗಿ, “ನಮ್ಮ ದೇವ್ರಿಗೆ ನಿಮ್ಮಾವ್ರೂ ನಡ್ಕೋತಾರ್ರೀ, ಸಂಕೋಚ ಮಾಡಬ್ಯಾಡ್ರಿ,” ಎಂದಳು. ಸಾಹೇಬರು ಆಗಲೇ ಅಂಗೈ ಚಾಚಿ ತಲೆಬಾಗಿಸಿದ್ದರು.

ಸೋಮನಾಥ ಎದೆಯ ಮಟ್ಟಕ್ಕೆ ಕುಪ್ಪಿಯನ್ನೆತ್ತಿದ. ಎಂಥ ಗಳಿಗೆ! ಓದಿದ ಪುಸ್ತಕಗಳು, ಬರೆದ ಚಿತ್ರಗಳು, ತಿಂದ ಬೈಗುಳಗಳು ಎಲ್ಲ ಈ ಗಳಿಗೆಗಾಗಿ ಕಾದಿದ್ದವು. ಅವನು ಕುಪ್ಪಿಯನ್ನು ತಲೆಕೆಳಗು ಮಾಡಿದ. ಹೆಬ್ಬೆರಳನ್ನು ಮೀಟಿನ ಮೇಲಿಟ್ಟು, ಬಿಟ್ಟರೆ ಓಡಿಹೋಗುವುದೇನೋ ಎಂಬಂತೆ ಗಟ್ಟಿಯಾಗಿ ಒತ್ತಿ ಹಿಡಿದ.

ಹುಡುಗರಿಗೆ ನೂರು ಸಲ ಹೇಳಿಕೊಟ್ಟ ಮೊದಲ ಪಾಠವನ್ನು, ಅಂದರೆ ಕೊಳವೆಯ ಬಾಯಿಗೆ ಬೆರಳಿಡುವುದನ್ನು, ಮೇಷ್ಟ್ರು ಮರೆತಿದ್ದ.

ಒಂದು ಗುಂಡಿಗೆ ಸಾಕಾಗುವಷ್ಟಲ್ಲ, ಒಂದು ದಂಡಿಗೆ ಸಾಕಾಗುವಷ್ಟು ಬಿತ್ತು. ಮೊದಲು ಬಿದ್ದದ್ದು ಅಂಗೈಗೆ. ಆಮೇಲೆ ತೋಳಿಗೆ. ಗಾಬರಿಗೊಂಡ ಸೋಮನಾಥ ಮೀಟು ಬಿಡುವುದರ ಬದಲು ಕುಪ್ಪಿಯನ್ನು ಮೇಲಕ್ಕೆ ಜಾಡಿಸಿದ. ಫ್ಯಾನು ತನ್ನ ಪಾಲಿನ ಕೆಲಸ ಮಾಡಿತು. ಹಳದಿಯ ಮೋಡವೊಂದು ಎದ್ದು, ಹಾಲ್ ತುಂಬ ಸುತ್ತಿ, ಸಾವಧಾನವಾಗಿ ಇಳಿಯಿತು. ಇಳಿದಾಗ ಶೇರ್ವಾನಿ, ಗಡ್ಡ, ಹುಬ್ಬು, ಭೂತಗನ್ನಡಿ ಸಹಿತ ಜಿಯಾವುಲ್ಲಾ ಸಾಹೇಬರು ಚಿನ್ನದ ವಿಗ್ರಹವಾಗಿದ್ದರು.

ಸೋಮನಾಥ ಕುಪ್ಪಿಯನ್ನು ಅಲ್ಲಾಡಿಸಿ ನೋಡಿದ. ಸದ್ದಿಲ್ಲ. ಅವನ ಮುಖ ಅರಳಿತು.

“ಯವ್ವಾ, ಖಾಲಿ ಆತು! ಎಲ್ಲಾ ಖಾಲಿ! ಇನ್ನ ನಂದು!”

“ಚೆಲ್ಲಿದ್ದು ಹಂಚಿದಂಗಲ್ಲ!” ಚನ್ನಕ್ಕ ಎದ್ದು ನಿಂತಳು. (ಮೊಣಕಾಲು ನೋವಿನ ನೆಪ ಅಲ್ಲಿಗೆ ಮುಗಿಯಿತು.) “ಭಂಡಾರ ಚೆಲ್ಲಿ ತಪ್ಪು ಮಾಡೀದಿ. ತಪ್ಪಿಗೆ ಯಾವುದ್ರಿಂದ ಚೆಲ್ಲಿತೋ ಅದನ್ನ ದೇವ್ರಿಗೆ ಬಿಡಬೇಕು. ಕೊಡಿಲ್ಲಿ.” ಕುಪ್ಪಿ ಅವನ ಕೈಯಿಂದ ಹೋಯಿತು. “ಇನ್ನ ಇದನ್ನ ಮುಟ್ಟೀಗಿಟ್ಟೀ!”

ಇತ್ತ ಹಾಲ್‌ನಲ್ಲಿದ್ದವರಿಗೆ ಬೇರೆಯೇ ಕಂಡಿತ್ತು. ಮೂರು ದಿನ ಒಬ್ಬೊಬ್ಬರಿಗೆ ಒಂದೊಂದೇ ಚಿಟಿಕೆ ಕೊಟ್ಟ ದೇವರು ಈ ಹಿರಿಯರಿಗೆ ಒಂದೇ ಸಲಕ್ಕೆ ಪೂರಾ ಕುಪ್ಪಿ ಸುರಿದಿದ್ದಾನೆ! “ಏಳುಕೋಟಿ ಏಳುಕೋಟಿಗೋ!” ಎಂದು ಯಾರೋ ಮೈಲಾರಲಿಂಗನ ಜಯಕಾರ ಕೂಗಿದರು. ಅಕ್ಕಯ್ಯಮ್ಮ ಕೋಲು ಬಿಸಾಡಿ ಅಡ್ಡಬಿದ್ದಳು.

ಸೋಮನಾಥ ಒದ್ದೆ ಟವಲು ಹಿಡಿದು ಓಡಿಬಂದ. “ಸಾರ್, ಕ್ಷಮಿಸಿ ಸಾರ್, ಒರೆಸ್ತೀನಿ...”

“ಬೇಡ ಬೇಡ!” ಸಾಹೇಬರು ನಗುತ್ತಿದ್ದರು. ಹಳದಿ ಗಡ್ಡದೊಳಗಿಂದ ಬಿಳಿ ಹಲ್ಲು ಹೊಳೆಯಿತು. “ನಮ್ಮ ಅಜ್ಜನೂ ಹಾವೇರಿ ಕಡೆಯವರೇ. ಭಂಡಾರ ಬಿದ್ರೆ ಒರೆಸ್ಕೋಬಾರ್ದು ಅಂತ ನನಗೆ ಗೊತ್ತು.” ಆಮೇಲೆ ದನಿ ತಗ್ಗಿಸಿದರು. ಬಳಗದ ಗಾಂಭೀರ್ಯ ಮರಳಿತು. “ಈ ವರ್ಷದ ಮೆಂಬರ್ ವಿಷಯ, ಸೋಮನಾಥ್ ಸಾಬ್.”

“ಹೇಳಿ ಸಾರ್.”

“ಕುಪ್ಪಿ ಆಯ್ಕೆ ಆಯ್ತು. ರಿವಾಜಿನ ಪ್ರಕಾರ ಅದು ಈಗ ಯಾರ ಕೈಯಲ್ಲಿದೆಯೋ, ಯಾರ ಮಾತು ಕೇಳುತ್ತೋ, ಅವರೇ ಮೆಂಬರ್.” ಸಾಹೇಬರು ಚನ್ನಕ್ಕನ ಕಡೆ ತಿರುಗಿ ಆದಾಬ್ ಮಾಡಿದರು. ಅವರ ತೋಳಿನಿಂದ ಒಂದಿಷ್ಟು ಅರಿಶಿನ ಉದುರಿತು. “ಅಮ್ಮಾ, ಗಂಗಾನಗರದ ಮಹಡಿ ಮೆಟ್ಟಿಲು ನಿಮ್ಮ ಮೊಣಕಾಲಿಗೆ ಕಷ್ಟ. ಬಳಗ ಇನ್ಮೇಲೆ ಇಲ್ಲೇ ಸೇರುತ್ತೆ.”

ಮುಂದಿನ ತಿಂಗಳ ಸಭೆ ಸೋಮನಾಥನ ಹಾಲ್‌ನಲ್ಲಿ ನಡೆಯಿತು. ಬಳಗದ ಹಿರಿಯರೆಲ್ಲ ಹತ್ತಿ ಬಿಚ್ಚಿ ತಂತಮ್ಮ ಕುಪ್ಪಿಗಳನ್ನು ಚನ್ನಕ್ಕನ ಮುಂದೆ ಸಾಲಾಗಿ ಇಟ್ಟುಕೊಂಡು, ಕೈಕಟ್ಟಿ, ಮೀಟು ಒತ್ತುವ ದೀಕ್ಷೆಗೆ ಕಾದು ಕೂತಿದ್ದರು. ಬಾಗಿಲು ಮುಚ್ಚಿತ್ತು, ಸದಸ್ಯರಲ್ಲದವರಿಗೆ ಪ್ರವೇಶವಿಲ್ಲವೆಂಬುದು ಬಳಗದ ಹಳೆಯ ನಿಯಮ. ಹೊರಗೆ ಮೆಟ್ಟಿಲಿನ ಮೇಲೆ ಚಪ್ಪಲಿಗಳ ನಡುವೆ ಸೋಮನಾಥ ಕೂತಿದ್ದ.

“ಇದ್ಯಾಕಣ್ಣೋ, ಆಚೆ ಕುಂತಿದ್ದೀಯ?” ಎದುರಿನಿಂದ ಅಕ್ಕಯ್ಯಮ್ಮ ಕೇಳಿದಳು. “ನಿಮ್ಮನೇನೆ ಅಲ್ವಾ ಇದು?”

“ಮನೆ ನಮ್ದೇ ಅಕ್ಕಯ್ಯಮ್ಮ. ಮೆಂಬರ್ ನಮ್ಮವ್ವ.”

ಒಳಗಿನಿಂದ ಒಂದು ಟಕ್ ಕೇಳಿಸಿತು. ಹಿಂದೆಯೇ ಬೇರೆ ದನಿಯ ಇನ್ನೊಂದು, ಆಮೇಲೆ ಮತ್ತೊಂದು. ನೂರೈವತ್ತು ವರ್ಷ ನಿದ್ದೆ ಹೋಗಿದ್ದ ಸ್ಪ್ರಿಂಗುಗಳು ಒಂದೊಂದಾಗಿ ಕಣ್ಣು ಬಿಡುತ್ತಿದ್ದವು. ಸೋಮನಾಥ ಎದ್ದು ಬಾಗಿಲಿಗೆ ಕಿವಿಯಿಟ್ಟು, ಮೈಮರೆತು, ಉಸಿರು ಹಿಡಿದು ನಿಂತ.

ಪಕ್ಕದ ಕಿಟಕಿ ತೆರೆಯಿತು. ದಾಕ್ಷಾಯಣಿ ಒಂದು ಮೊರ ಅರಿಶಿನ, ಮೇಲೊಂದು ತೆಳುಬಟ್ಟೆ ಹೊರಗೆ ಚಾಚಿದಳು.

“ನೋಡ್ರೀ, ಸುಮ್ನ ನಿಂತಿದ್ರ ಇದನ್ನಷ್ಟು ಸೋಸಿ ಕೊಡ್ರಿ. ಮೆಂಬರ್ ಅಲ್ಲದವ್ರೂ ಈ ಕೆಲಸಾ ಮಾಡಬೌದಂತ. ಸಾಹೇಬ್ರನ್ನ ಕೇಳೇ ತಂದೀನಿ.”